ಕೊನೆಯ ಸಲ ಚೆನ್ನಾಗಿದ್ದದ್ದು ಯಾವಾಗ?

ಶಾಂತಾದೇವಿಯವರ ಮನೆಯಲ್ಲಿ ಸೋಮವಾರ ಬೆಳಗ್ಗೆ ಗಂಡಹೆಂಡಿರ ನಡುವೆ ಮಾತಿರುವುದಿಲ್ಲ. ಜಗಳವೇನಿಲ್ಲ. ಗಂಡ ಶಿವಪ್ರಕಾಶ್ ಸೋಮವಾರ ಎದ್ದಾಗಿನಿಂದ ಲಿಂಗಪೂಜೆ ಮುಗಿಯುವವರೆಗೆ ಮೌನ ಹಿಡಿಯುತ್ತಾರೆ. ಅವರ ತಂದೆಯೂ ಹಾಗೆಯೇ ಇದ್ದವರು. ಏನಾದರೂ ಬೇಕಾದರೆ ಕೈಸನ್ನೆ, ಇಲ್ಲವೇ ತಲೆಯಾಡಿಸುವುದು. ಪೂಜೆ ಮುಗಿಸಿ ಹೊರಗೆ ಬಂದ ಮೇಲೆ ಅವರ ಬಾಯಿಂದ ಬರುವ ಮೊದಲ ಮಾತು “ಕಾಫಿ”.

ಮದುವೆಯಾದ ಹೊಸತರಲ್ಲಿ ಶಾಂತಾದೇವಿಗೆ ಈ ಮೌನ ಭಾರವೆನಿಸುತ್ತಿತ್ತು. ಬರಬರುತ್ತ ಅಭ್ಯಾಸವಾಯಿತು. ಈಗ ಅದು ಅವರಿಗೂ ಒಂದು ಬಿಡುವು. ಸಿದ್ಧಾರ್ಥನಗರದ ಆ ಮನೆಯಲ್ಲಿ ಸೋಮವಾರ ಬೆಳಗ್ಗೆ ಕೇಳಿಸುವುದು ಕುಕ್ಕರಿನ ಸೀಟಿ, ಮಹಡಿಯಲ್ಲಿ ಬಾಡಿಗೆಗಿರುವ ವಾಣಿಯ ಓಡಾಟ, ಪಕ್ಕದ ಮನೆಯಿಂದ ಭಾವ ಜವರಪ್ಪನವರ ರೇಡಿಯೊ, ಇಷ್ಟೇ.

ಶಿವಪ್ರಕಾಶರಿಗೆ ಲಷ್ಕರ್ ಮೊಹಲ್ಲಾದಲ್ಲಿ ಒಂದು ಪುಟ್ಟ ಅಂಗಡಿಯಿದೆ. ಮದುವೆಗೆ, ಸನ್ಮಾನಕ್ಕೆ ಬೇಕಾಗುವ ಮೈಸೂರು ಪೇಟ ಕಟ್ಟಿಕೊಡುವುದು ಅವರ ಕಸುಬು. ಬಲಗೈ ಬಟ್ಟೆಯನ್ನು ಎಳೆದು ಸುತ್ತುತ್ತದೆ, ಎಡಗೈ ನೆರಿಗೆ ಹಿಡಿದು ಕೂರಿಸುತ್ತದೆ. ನೋಡುವವರ ಕಣ್ಣು ಬಲಗೈ ಮೇಲಿರುತ್ತದೆ, ಕೆಲಸವೆಲ್ಲ ಎಡಗೈಯದು ಎಂದು ಅವರು ಆಗಾಗ ಹೇಳುವುದುಂಟು. ಅವರಿಗೆ ಬಿಪಿ ಇತ್ತು. ಮಾತ್ರೆಯೂ ಇತ್ತು. ನೆನಪಾದ ದಿನ ನುಂಗುತ್ತಿದ್ದರು.

ಆ ಸೋಮವಾರ ಶಾಂತಾದೇವಿ ಏಳುವಷ್ಟರಲ್ಲಿ ಅವರು ಬಚ್ಚಲುಮನೆ ಸೇರಿದ್ದರು. ಸ್ನಾನ ಮುಗಿಸಿ ಬಂದಾಗ ಶಾಂತಾದೇವಿ ಅಡುಗೆಮನೆಯಿಂದಲೇ ಕೇಳಿದರು.

“ರೀ, ಬಿಸಿನೀರು ಸಾಕಾಯ್ತಾ?”

ಸನ್ನೆಯಿಲ್ಲ. ಅವರು ತಿರುಗಿ ಕೂಡ ನೋಡಲಿಲ್ಲ. ಗೋಡೆ ಹಿಡಿದುಕೊಂಡು ದೇವರಮನೆಗೆ ನಡೆದರು. ಗೋಡೆ ಯಾಕೆ ಹಿಡಿದರು ಎಂದು ಶಾಂತಾದೇವಿಗೆ ಒಂದು ಕ್ಷಣ ಅನ್ನಿಸಿತು. ಮಂಡಿನೋವಿರಬೇಕು ಅಂದುಕೊಂಡರು. ಮೌನದಲ್ಲಿರುವವರನ್ನು ಎರಡನೇ ಸಲ ಕೇಳುವ ರೂಢಿ ಆ ಮನೆಯಲ್ಲಿ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ದೇವರಮನೆಯಲ್ಲಿ ಏನೋ ಬಿದ್ದ ಸದ್ದಾಯಿತು.

ಹೋಗಿ ನೋಡಿದರೆ ಶಿವಪ್ರಕಾಶ್ ಮಣೆಯ ಮೇಲೆ ಕುಳಿತಿದ್ದಾರೆ. ಎಡ ಅಂಗೈಯಲ್ಲಿ ಇರಬೇಕಾದ ಇಷ್ಟಲಿಂಗ ನೆಲದ ಮೇಲಿದೆ. ಎಡಗೈ ತೊಡೆಯ ಮೇಲೆ ಬೇರೆ ಯಾರದೋ ಕೈ ಎಂಬಂತೆ ಬಿದ್ದಿದೆ. ಹಣೆಯ ವಿಭೂತಿ ಬಲಭಾಗದಲ್ಲಿ ಮಾತ್ರ ಇದೆ, ಎಡಕ್ಕೆ ಬೆರಳು ಹೋಗಿಯೇ ಇಲ್ಲ. ಅವರು ಬಿದ್ದ ಲಿಂಗವನ್ನೇ ನೋಡುತ್ತಿದ್ದರು, ಅದು ಅಲ್ಲಿಗೆ ಹೇಗೆ ಹೋಯಿತೆಂದು ತಿಳಿಯದವರಂತೆ.

ಇಷ್ಟು ವರ್ಷದಲ್ಲಿ ಆ ಲಿಂಗ ಅವರ ಕೈಯಿಂದ ಒಮ್ಮೆಯೂ ಜಾರಿರಲಿಲ್ಲ. ಲಿಂಗ ಬಿದ್ದ ಭಯದಲ್ಲಿ ಕೈಯ ಕಡೆ ಶಾಂತಾದೇವಿಯ ಗಮನವೇ ಹೋಗಲಿಲ್ಲ. ಲಿಂಗವನ್ನು ಎತ್ತಿ ಕಣ್ಣಿಗೊತ್ತಿಕೊಂಡು, ಬೆಳ್ಳಿಯ ಕರಡಿಗೆಯಲ್ಲಿಟ್ಟು, ಶಿವದಾರವನ್ನು ಗಂಡನ ಕೊರಳಿಗೆ ಹಾಕಿದರು. ಆಮೇಲೆ ಭಾವನನ್ನು ಕೂಗಿದರು.

ಜವರಪ್ಪನವರು ಸಾರಿಗೆ ಡಿಪೋದಲ್ಲಿ ಟೈಂಕೀಪರ್ ಆಗಿ ನಿವೃತ್ತರಾದವರು. ತಮ್ಮನೆಂದರೆ ಪ್ರಾಣ. ಬಂದವರೇ ಬಾಗಿಲಲ್ಲಿ ನಿಂತು ತಲೆಯ ಮೇಲೆ ಕೈಯಿಟ್ಟುಕೊಂಡರು.

“ಕೈ ಜಾರಿ ಬಿದ್ದೋಯ್ತಾ?”

“ನಾನ್ ನೋಡ್ಲಿಲ್ಲ ಭಾವ. ಸದ್ದು ಕೇಳಿ ಬಂದೆ.”

“ಅಪಚಾರ ಆಗ್ಬುಡ್ತು ಕಣಮ್ಮ. ಹೆದರ್ಕೊಂಡವ್ನೆ, ನೋಡು ಮುಖ ಎಂಗಾಗದೆ. ಆಟೋ ಕರೀತೀನಿ, ಮಠಕ್ಕೆ ಕರ್ಕೊಂಡೋಗಿ ಸ್ವಾಮಿಗಳ ಹತ್ರ ಶಾಸ್ತ್ರ ಮಾಡಿಸ್ಕೊಂಡು ಬರಣ. ಅಷ್ಟರಲ್ಲಿ ಒಂದ್ ಲೋಟ ಕಾಫಿ ಕುಡಿಸು.”

“ಪೂಜೆ ಮುಗಿದಿಲ್ವಲ್ಲ ಭಾವ, ಕುಡೀತಾರಾ?”

ಜವರಪ್ಪನವರ ದನಿ ಯಾವಾಗಲೂ ಬಸ್‌ಸ್ಟ್ಯಾಂಡಿನ ದನಿ. ಅದನ್ನು ಕೇಳಿ ಮಹಡಿಯಿಂದ ವಾಣಿ ಇಳಿದು ಬಂದಳು. ಅವಳು ಆಸ್ಪತ್ರೆಯೊಂದರ ಸ್ಕ್ಯಾನಿಂಗ್ ವಿಭಾಗದಲ್ಲಿ ಕೆಲಸ ಮಾಡುವವಳು, ಡ್ಯೂಟಿಗೆ ಹೊರಟಿದ್ದಳು. ಒಳಗೆ ಬಂದವಳು ಶಿವಪ್ರಕಾಶರ ಮುಖವನ್ನು ಒಮ್ಮೆ ನೋಡಿ ಬ್ಯಾಗನ್ನು ಕೆಳಗಿಟ್ಟಳು.

“ಅಂಕಲ್, ನನ್ ಕಡೆ ನೋಡಿ. ಹಲ್ಲು ಕಾಣೋ ಹಾಗೆ ಒಂದ್ಸಲ ನಗಿ.”

“ನಗೋ ಹೊತ್ತೇನಮ್ಮ ಇದು?” ಎಂದರು ಜವರಪ್ಪ.

ಶಿವಪ್ರಕಾಶ್ ನಕ್ಕರು. ಬಾಯಿಯ ಬಲಗಡೆ ಮಾತ್ರ ನಕ್ಕಿತು. ಎಡಗಡೆ ಜೋತುಬಿದ್ದೇ ಇತ್ತು.

“ಎರಡೂ ಕೈ ಮುಂದಕ್ಕೆ ಚಾಚಿ.”

ಬಲಗೈ ಚಾಚಿಕೊಂಡಿತು. ಎಡಗೈ ಒಂದಿಷ್ಟು ಎದ್ದು ಕೆಳಗೆ ಬಿತ್ತು.

“ಈಗ ನಿಮ್ ಹೆಸರು ಹೇಳಿ.”

ಅವರು ಸುಮ್ಮನಿದ್ದರು.

“ಇವತ್ತು ಸೋಮವಾರ ಕಣಮ್ಮ, ಅವ್ನು ಮಾತಾಡಲ್ಲ.”

“ಮಾತಾಡಲ್ವೋ, ಆಡಕ್ಕೇ ಆಗ್ತಿಲ್ವೋ, ಅಂಕಲ್?”

ಶಾಂತಾದೇವಿ ಗಂಡನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತರು. ಇಷ್ಟು ವರ್ಷ ನೋಡಿದ ಮೌನವೇ ಇದು. ಆದರೆ ಇವತ್ತು ಅದರ ಒಳಗೇನಿದೆ ಎಂದು ಹೊರಗಿನಿಂದ ಹೇಳಲು ಅವರಿಗೂ ಬರುತ್ತಿರಲಿಲ್ಲ.

“ರೀ, ಇವತ್ತೊಂದಿನ ಮೌನ ಬುಟ್ಬುಡಿ. ನನ್ ಹೆಸರು ಹೇಳಿ, ಸಾಕು.”

ಶಿವಪ್ರಕಾಶ್ ಹೆಂಡತಿಯ ಮುಖ ನೋಡಿದರು. ಬಾಯಿ ತೆರೆದರು. ಬಂದದ್ದು ಹೆಸರಲ್ಲ. ಬಾಯಿ ತುಂಬ ಹತ್ತಿ ತುಂಬಿಕೊಂಡವರು ಏನೋ ಹೇಳಿದಂತೆ ಒಂದು ಸದ್ದು. ಅದನ್ನು ಕೇಳಿ ಎಲ್ಲರಿಗಿಂತ ಹೆಚ್ಚು ಬೆಚ್ಚಿದವರು ಅವರೇ.

ವಾಣಿ ಆಗಲೇ 108ಕ್ಕೆ ಫೋನ್ ಮಾಡಿ ವಿಳಾಸ ಹೇಳುತ್ತಿದ್ದಳು. ಫೋನ್ ಇಟ್ಟು, “ಇದು ಸ್ಟ್ರೋಕ್ ಇರ್ಬೇಕು ಆಂಟಿ. ಲಕ್ವ ಹೊಡೀತು ಅಂತೀವಲ್ಲ, ಅದು,” ಎಂದಳು.

ಜವರಪ್ಪನವರು ಜೇಬಿಗೆ ಕೈ ಹಾಕಿದರು. “ಲಕ್ವನಾ? ಹಂಗಾದ್ರೆ ನನ್ ಹತ್ರ ಮಾತ್ರೆ ಅದೆ. ಹಾರ್ಟಿಗೆ ಕೊಟ್ಟಿರೋದು, ರಕ್ತ ತೆಳ್ಳಗೆ ಮಾಡ್ತದೆ. ಒಂದು ಬಾಯಿಗೆ ಹಾಕ್ಬುಡಣ.”

“ಬೇಡ ಅಂಕಲ್!” ವಾಣಿ ಅವರ ಕೈ ಹಿಡಿದಳು. “ಮಾತ್ರೆ, ಕಾಫಿ, ನೀರು, ಏನೂ ಬೇಡ. ಬಾಯಿ ಒಂದ್ ಕಡೆ ಸೋತಿದೆ. ನುಂಗಿದ್ದು ಶ್ವಾಸನಾಳಕ್ಕೆ ಹೋಗ್ಬಹುದು. ಮಾತ್ರೆದು ಇನ್ನೂ ದೊಡ್ಡ ಅಪಾಯ. ಮಿದುಳಿನ ರಕ್ತನಾಳ ಕಟ್ಕೊಂಡ್ರೂ ಹೀಗೇ ಆಗುತ್ತೆ, ಒಡೆದು ರಕ್ತ ಸೋರಿದ್ರೂ ಹೀಗೇ ಆಗುತ್ತೆ. ಸೋರ್ತಿರೋರಿಗೆ ರಕ್ತ ತೆಳ್ಳಗೆ ಮಾಡೋ ಮಾತ್ರೆ ಕೊಟ್ರೆ ಏನಾಗುತ್ತೆ ಹೇಳಿ?”

“ಇನ್ನೂ ಸೋರ್ತದೆ.”

“ಅಷ್ಟೇ.”

“ಡಾಕ್ಟ್ರು ನಾಡಿ ಹಿಡಿದು ನೋಡಿದ್ರೆ ಯಾವ್ದು ಅಂತ ಗೊತ್ತಾಗಲ್ವಾ?”

“ಎಂಥಾ ದೊಡ್ಡ ಡಾಕ್ಟ್ರಿಗೂ ಹೊರಗಿಂದ ನೋಡಿ ಖಚಿತವಾಗಿ ಹೇಳಕ್ಕಾಗಲ್ಲ. ತಲೆ ಸ್ಕ್ಯಾನ್ ಮಾಡ್ಬೇಕು. ಅದಕ್ಕೇ ಸ್ಕ್ಯಾನ್ ಇರೋ ಆಸ್ಪತ್ರೆಗೇ ನೇರ ಹೋಗೋದು. ಬೀದಿ ಕೊನೇ ಕ್ಲಿನಿಕ್ಕು, ಅಲ್ಲಿಂದ ಇನ್ನೊಂದು ನರ್ಸಿಂಗ್ ಹೋಮು ಅಂತ ಸುತ್ತಾಡಿದ್ರೆ ಹೊತ್ತು ಹೋಗ್ಬಿಡುತ್ತೆ.”

“ಮಠಕ್ಕೆ ಒಂದ್ ಮಾತು…” ಜವರಪ್ಪನವರ ದನಿ ಈಗ ಬಸ್‌ಸ್ಟ್ಯಾಂಡಿನದಾಗಿರಲಿಲ್ಲ.

“ಲಿಂಗ ಬಿದ್ದದ್ದಕ್ಕೆ ಏನ್ ಮಾಡ್ಬೇಕು ಅಂತ ಸ್ವಾಮಿಗಳನ್ನ ನಾಳೆ ಕೇಳಿದ್ರೂ ಆಗುತ್ತೆ. ಕೈ ಯಾಕೆ ಜಾರ್ತು ಅನ್ನೋದನ್ನ ಈಗ್ಲೇ ಕೇಳ್ಬೇಕು ಅಂಕಲ್.”

ಶಿವಪ್ರಕಾಶರನ್ನು ಒಂದು ಪಕ್ಕಕ್ಕೆ ಮಲಗಿಸಿ ತಲೆಗೆ ದಿಂಬು ಕೊಡುತ್ತ ವಾಣಿ ಇನ್ನೊಂದು ಮಾತು ಹೇಳಿದಳು. “ನಾಳ ಕಟ್ಕೊಂಡಿದ್ರೆ ಹೆಪ್ಪು ಕರಗಿಸೋ ಇಂಜೆಕ್ಷನ್ ಇದೆ. ತೊಂದ್ರೆ ಶುರುವಾಗಿ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಒಳಗೆ ಕೊಡ್ತಾರೆ. ಎಷ್ಟು ಬೇಗ ಕೊಟ್ರೆ ಅಷ್ಟು ಒಳ್ಳೇದು. ಅಂಕಲ್ ಕೊನೇ ಸಲ ಚೆನ್ನಾಗಿದ್ದದ್ದು ಯಾವಾಗ ಅಂತ ಡಾಕ್ಟ್ರು ಕೇಳೇ ಕೇಳ್ತಾರೆ. ನೆನಪು ಮಾಡ್ಕೊಂಡಿರಿ ಆಂಟಿ.”

ಆಂಬುಲೆನ್ಸ್ ಬಂತು. ವಾಣಿ ಮುಂದೆ ಕುಳಿತು ತನ್ನ ಆಸ್ಪತ್ರೆಗೆ ಸುದ್ದಿ ಕೊಡುತ್ತಿದ್ದಳು. ಹಿಂದೆ ಶಾಂತಾದೇವಿ ಗಂಡನ ಬಲಗೈ ಹಿಡಿದುಕೊಂಡು ಆ ಪ್ರಶ್ನೆಯನ್ನೇ ಯೋಚಿಸುತ್ತಿದ್ದರು.

ಲಿಂಗ ಬಿದ್ದಾಗ ಶುರುವಾಯಿತೆ? ಆದರೆ ವಿಭೂತಿ ಅದಕ್ಕೆ ಮೊದಲೇ ಹಚ್ಚಿದ್ದು, ಅದೂ ಅರ್ಧಕ್ಕೆ ನಿಂತಿತ್ತು. ಗೋಡೆ ಹಿಡಿದದ್ದು ಅದಕ್ಕೂ ಮೊದಲು. ಬಚ್ಚಲಿಗೆ ಹೋಗುವಾಗ ಹೇಗಿದ್ದರು? ನೋಡಲಿಲ್ಲ. ಬೇರೆ ದಿನವಾಗಿದ್ದರೆ ಎದ್ದ ಕೂಡಲೇ ಹಾಲು ಬಂತಾ, ಪೇಪರ್ ಬಂತಾ ಎಂದು ಹತ್ತು ಮಾತು ಆಡಿರುತ್ತಿದ್ದರು. ಒಂದಾದರೂ ತೊದಲಿ ತಿಳಿಯುತ್ತಿತ್ತು. ಹಿಂದೆ ಹಿಂದೆ ಹೋದಂತೆ ಶಾಂತಾದೇವಿಗೆ ಸಿಕ್ಕಿದ ಕೊನೆಯ ಮಾತು ಭಾನುವಾರ ಮಲಗುವಾಗಿನದು: “ಕಾಲೇಜಿನವ್ರು ನಾಳೆ ಪೇಟ ತಗೊಂಡೋಗಕ್ಕೆ ಬರ್ತಾರೆ ಕಣೇ, ಬೇಗ ತಿಂಡಿ ಮಾಡು.” ಅದರಾಚೆ ಏನೂ ಇಲ್ಲ. “ರಾತ್ರಿ ಮಾತಾಡಿದ್ದೇ ಕೊನೆ ಭಾವ,” ಎಂದರು.

ಪಕ್ಕದಲ್ಲಿ ಕುಳಿತಿದ್ದ ಜವರಪ್ಪನವರು ಬಗ್ಗಿ ಕಿವಿಯಲ್ಲಿ ಹೇಳಿದರು. “ಶಾಂತಾ, ಕೇಳಿದ್ರೆ ಈಗ ಪೂಜೆಗೆ ಕೂತಾಗ ಚೆನ್ನಾಗಿದ್ರು ಅಂದ್ಬುಡು. ರಾತ್ರಿ ಅಂದ್ರೆ ಇಂಜೆಕ್ಷನ್ ಕೊಡಲ್ಲ ಅಂತಾರೆ. ಅವನ ಕೈ ಹೋಯ್ತದೆ.”

ಅವನ ಕೈ. ಶಾಂತಾದೇವಿ ಆ ಎಡಗೈಯನ್ನು ನೋಡಿದರು. ಸ್ಟ್ರೆಚರಿನ ಅಂಚಿನಿಂದ ಜಾರಿ ತೂಗುತ್ತಿತ್ತು. ಎತ್ತಿ ಎದೆಯ ಮೇಲಿಟ್ಟರು.

ಆಸ್ಪತ್ರೆಯ ಬಾಗಿಲಲ್ಲೇ ಡಾಕ್ಟರ್ ಲಹರಿ ಕಾಯುತ್ತಿದ್ದರು. ಕೈಕಾಲು ಎತ್ತಿಸಿ ನೋಡುತ್ತಲೇ ಕೇಳಿದರು. “ಕೊನೇ ಸಲ ಇವರು ಸರಿಯಾಗಿದ್ದದ್ದನ್ನ ನೀವೇ ಕಂಡಿದ್ದು ಯಾವಾಗಮ್ಮ?”

ಭಾವ ಕೆಮ್ಮಿದರು. ಶಾಂತಾದೇವಿಗೆ ‘ಈಗ ತಾನೇ’ ಎನ್ನುವುದು ನಾಲಗೆಯ ತುದಿವರೆಗೂ ಬಂದಿತ್ತು. ಎರಡು ಪದ, ಅಷ್ಟೇ. ಆದರೆ ಅದು ಅವರು ಕಂಡದ್ದಾಗಿರಲಿಲ್ಲ. ಕಂಡದ್ದೆಂದು ಹೇಳಿಬಿಟ್ಟರೆ ಇನ್ನು ಮುಂದಿನದೆಲ್ಲ ಆ ಎರಡು ಪದದ ಮೇಲೆ ನಡೆಯುತ್ತದೆ ಎನ್ನಿಸಿತು.

“ಗೊತ್ತಿಲ್ಲ ಡಾಕ್ಟ್ರೇ. ರಾತ್ರಿ ಮಲಗುವಾಗ ಚೆನ್ನಾಗಿ ಮಾತಾಡಿದ್ರು. ಬೆಳಗ್ಗೆ ಮೌನದಲ್ಲಿದ್ರು, ನಾನು ಮಾತಾಡಿಸ್ಲಿಲ್ಲ. ಸ್ನಾನ ಮುಗಿಸಿ ಬಂದಾಗ್ಲೇ ಗೋಡೆ ಹಿಡ್ಕೊಂಡಿದ್ರು.”

ಜವರಪ್ಪನವರು ಕಣ್ಣು ಮುಚ್ಚಿಕೊಂಡರು. ಡಾಕ್ಟರ್ ಮಾತ್ರ ತಲೆಯಾಡಿಸಿ, “ಇದ್ದದ್ದನ್ನ ಇದ್ದ ಹಾಗೇ ಹೇಳಿದ್ರಿ, ಒಳ್ಳೇದಾಯ್ತು. ಮೊದಲು ಸಿ.ಟಿ. ಸ್ಕ್ಯಾನ್,” ಎಂದರು.

ದೊಡ್ಡ ಬಳೆಯಂಥ ಯಂತ್ರದೊಳಗೆ ತಲೆ ಹೋಗಿ ಬಂದಿತು. ನೋವಿಲ್ಲ, ಚುಚ್ಚುವುದಿಲ್ಲ. ಮನೆಯಲ್ಲಿ ಕಾಫಿ ಕಾಯಿಸುವಷ್ಟು ಹೊತ್ತೂ ಆಗಲಿಲ್ಲ. ಡಾಕ್ಟರ್ ಬಂದು ಹೇಳಿದರು. “ರಕ್ತ ಸೋರಿಲ್ಲ. ಸೋರಿದ್ರೆ ಆ ಜಾಗ ಚಿತ್ರದಲ್ಲಿ ಬೆಳ್ಳಗೆ ಕಾಣ್ತಿತ್ತು. ನಾಳ ಕಟ್ಕೊಂಡಿರೋದೇ ಹೆಚ್ಚು ಸಂಭವ. ಆದ್ರೆ ಯಾವಾಗಿನಿಂದ ಅಂತ ತಿಳೀದೆ ಇಂಜೆಕ್ಷನ್ ಕೊಡೋ ಹಾಗಿಲ್ಲ.”

“ಇವಳು ರಾತ್ರಿ ಅಂದ್ಲಲ್ಲ, ಅದಕ್ಕೇ,” ಎಂದು ಜವರಪ್ಪನವರು ಗೊಣಗಿದರು.

“ಅದಕ್ಕೇ ಇನ್ನೊಂದು ಸ್ಕ್ಯಾನ್ ಮಾಡ್ತೀವಿ ಯಜಮಾನ್ರೇ. ಎಂ.ಆರ್.ಐ. ಅದರಲ್ಲಿ ಎರಡು ಥರದ ಚಿತ್ರ ಬರುತ್ತೆ. ರಕ್ತ ಸಿಗದೆ ಏಟು ಬಿದ್ದ ಜಾಗ ಒಂದರಲ್ಲಿ ಬೇಗ ಕಾಣುತ್ತೆ, ಇನ್ನೊಂದರಲ್ಲಿ ಕಾಣಕ್ಕೆ ಕೆಲವು ಗಂಟೆ ಬೇಕು. ಮೊದಲನೇದರಲ್ಲಿ ಕಂಡು ಎರಡನೇದರಲ್ಲಿ ಇನ್ನೂ ಕಾಣದಿದ್ರೆ, ಏಟು ಹೊಸದು ಅಂತ.”

ಎಂ.ಆರ್.ಐ. ಕೋಣೆಯ ಬಾಗಿಲಲ್ಲಿ ವಾಣಿ ನಿಂತಿದ್ದಳು. ಅದರೊಳಗಿರುವುದು ಭಾರೀ ಅಯಸ್ಕಾಂತ, ಮೈಮೇಲೆ ಲೋಹದ ಏನೂ ಇರುವಂತಿಲ್ಲ. ಬೆಳ್ಳಿಯ ಉಡಿದಾರ ತೆಗೆದದ್ದಾಯಿತು, ಉಂಗುರ ತೆಗೆದದ್ದಾಯಿತು. ಕೊರಳಿನ ಕರಡಿಗೆ ಉಳಿಯಿತು.

“ಅದನ್ ಮಾತ್ರ ಮುಟ್ಬೇಡಿ,” ಎಂದರು ಜವರಪ್ಪ. “ಲಿಂಗ ಮೈಯಿಂದ ಬೇರೆ ಆಗೋ ಹಂಗಿಲ್ಲ. ಬೆಳಗ್ಗೆ ಒಂದ್ಸಲ ಆಗಿದ್ದೇ ಸಾಲ್ದಾ?”

ವಾಣಿ ವಾದಿಸಲಿಲ್ಲ. ಶಾಂತಾದೇವಿಯ ಕಡೆ ನೋಡಿದಳು. ಶಾಂತಾದೇವಿಯ ಕೈ ಮೇಲೇಳಲಿಲ್ಲ. ಮದುವೆಯಾದಾಗಿನಿಂದ, ಪೂಜೆಯ ಹೊತ್ತು ಬಿಟ್ಟರೆ, ಆ ದಾರ ಆ ಕೊರಳಲ್ಲಿ ಇಲ್ಲದ್ದನ್ನು ಅವರು ಕಂಡಿರಲಿಲ್ಲ.

ಮಲಗಿದ್ದ ಶಿವಪ್ರಕಾಶ್ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಅವರು ಬಲಗೈಯನ್ನು ಮೆಲ್ಲನೆ ಎತ್ತಿ, ಶಿವದಾರವನ್ನು ತಾವೇ ತಲೆಯ ಮೇಲಿಂದ ತೆಗೆದು, ಕರಡಿಗೆಯನ್ನು ಹೆಂಡತಿಯ ಅಂಗೈಯಲ್ಲಿಟ್ಟರು. ಅವರ ಬೆರಳುಗಳನ್ನು ಅದರ ಮೇಲೆ ಮಡಿಸಿದರು. ಅಣ್ಣನ ಕಡೆ ಒಮ್ಮೆ ನೋಡಿದರು. ಜವರಪ್ಪನವರು ದಾರಿಬಿಟ್ಟು ನಿಂತರು.

ಒಳಗಿನಿಂದ ತಗಡು ಬಡಿದಂತೆ ಸದ್ದು ಬರತೊಡಗಿತು. ಶಾಂತಾದೇವಿ ಕರಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಬೆಂಚಿನ ಮೇಲೆ ಕುಳಿತರು.

ಸದ್ದು ನಿಂತ ಮೇಲೆ ಡಾಕ್ಟರ್ ಲಹರಿ ಬೇಗ ಬೇಗ ಹೆಜ್ಜೆ ಹಾಕುತ್ತ ಬಂದರು. “ಒಂದು ಚಿತ್ರದಲ್ಲಿ ಕಾಣ್ತಿದೆ, ಇನ್ನೊಂದರಲ್ಲಿ ಇಲ್ಲ. ಹೊಸದು. ಬೆಳಗ್ಗೆ ಎದ್ದ ಆಸುಪಾಸಿನಲ್ಲಿ ಆಗಿರ್ಬೇಕು. ಇಂಜೆಕ್ಷನ್ ಕೊಡ್ತೀವಿ. ಇದರಲ್ಲೂ ರಕ್ತಸ್ರಾವದ ಅಪಾಯ ಸ್ವಲ್ಪ ಇದೆ, ನಿಮಗೆ ತಿಳಿದಿರ್ಲಿ. ಒಪ್ಪಿಗೇನಾ?”

ಶಾಂತಾದೇವಿ ಗಂಡನನ್ನು ನೋಡಿದರು. ಅವರು ತಲೆಯಾಡಿಸಿದರು. “ಕೊಡಿ ಡಾಕ್ಟ್ರೇ,” ಎಂದರು ಶಾಂತಾದೇವಿ.

ಇಂಜೆಕ್ಷನ್ ಹೋಗತೊಡಗಿದ ಮೇಲೆ ಜವರಪ್ಪನವರಿಗೆ ಸ್ವಲ್ಪ ಧೈರ್ಯ ಬಂದಿತು. ಧೈರ್ಯದ ಜೊತೆಗೆ ಮಾತೂ ಬಂದಿತು.

“ನೋಡ್ದಾ ವಾಣಿ? ಈಗ ತಾನೇ ಆಯ್ತು ಅನ್ನು ಅಂತ ನಾನ್ ಹೇಳಿದ್ದೇ ನಿಜ ಆಯ್ತು.”

“ಅಂಕಲ್, ಡಿಪೋದಲ್ಲಿ ಬಸ್ ಬಂದಿದ್ದನ್ನ ನೋಡ್ದೇನೇ ಟೈಂ ಬರೀತಿದ್ರಾ?”

“ಛೆ ಛೆ! ಅಂಥವ್ರಿಗೆ ನಾನೇ ಮೆಮೊ ಕೊಡಿಸ್ತಿದ್ದೆ.”

“ಮತ್ತೆ ಈಗ ನಿಮಗೆ ಯಾರು ಕೊಡಿಸ್ಬೇಕು? ರಾತ್ರೀನೇ ಆಗಿದ್ದಿದ್ರೆ? ನಿಮ್ಮ ಮಾತು ನಂಬಿ ಕೊಟ್ಟಿದ್ರೆ ಹಾಳಾದ ಜಾಗದಲ್ಲಿ ರಕ್ತ ಸೋರ್ಬಹುದಿತ್ತು. ಆಗ ಕೈಯಲ್ಲ, ಜೀವಾನೇ ಹೋಗ್ಬಹುದಿತ್ತು. ಆಂಟಿ ಗೊತ್ತಿಲ್ಲ ಅಂದಿದ್ದಕ್ಕೇ ಡಾಕ್ಟ್ರು ಚಿತ್ರ ತೆಗೆದು ನೋಡಿದ್ದು.”

ಜವರಪ್ಪನವರು ಶಾಂತಾದೇವಿಯ ಕಡೆ ತಿರುಗಿದರು. “ಶಾಂತಾ, ನೀನೇ ಸರಿ ಕಣಮ್ಮ,” ಎಂದರು.

ಮರುದಿನ ಬೆಳಗ್ಗೆ ಶಿವಪ್ರಕಾಶರ ಎಡಗೈಯೊಳಗೆ ಶಾಂತಾದೇವಿ ತಮ್ಮ ಬೆರಳಿಟ್ಟರು. ಆ ಕೈ ಅದನ್ನು ಹಿಡಿದುಕೊಂಡಿತು. ಬಿಗಿಯಾಗಿ ಅಲ್ಲ, ಆದರೆ ಹಿಡಿದುಕೊಂಡಿತು. ಅವರು ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ, “ಕಾಲೇಜಿನವ್ರು ಬಂದಿದ್ರಾ?” ಎಂದು ಕೇಳಿದರು.

ಪೂರ್ತಿ ಮೊದಲಿನಂತಾಗಿದ್ದಾರೆ ಎಂದರೆ ಸುಳ್ಳಾಗುತ್ತದೆ. ವ್ಯಾಯಾಮ ನಡೆದಿದೆ. ಈಗ ಅಂಗಡಿಯಲ್ಲಿ ಅರ್ಧ ದಿನ ಕೂರುತ್ತಾರೆ. ಸಣ್ಣ ನೆರಿಗೆ ಹಿಡಿಯುವಾಗ ಬೆರಳು ತಡವರಿಸುತ್ತದೆ, ಆಗ ಶಾಂತಾದೇವಿ ಪಕ್ಕದಲ್ಲಿ ಕುಳಿತು ತುದಿ ಹಿಡಿದುಕೊಳ್ಳುತ್ತಾರೆ. ಬಿಪಿ ಮಾತ್ರೆ ಈಗ ತಪ್ಪುವುದಿಲ್ಲ. ಸೋಮವಾರದ ಮೌನವೂ ಉಳಿದಿದೆ. ಆದರೆ ಅದಕ್ಕೆ ಮೊದಲು ಹೆಂಡತಿಯ ಮುಂದೆ ನಿಂತು, ಎರಡೂ ಕೈ ಚಾಚಿ, ಒಂದು ಮಾತಾಡಿ ಹೋಗಬೇಕು. ಇದು ಜವರಪ್ಪನವರ ಕಟ್ಟಪ್ಪಣೆ. ಅವರು ಮಠದ ಪ್ರಸಾದದ ಸಾಲಿನಲ್ಲೂ ಅಕ್ಕಪಕ್ಕದವರನ್ನು ಹಿಡಿದು, “ಎಲ್ಲಿ, ಹಲ್ಲು ಕಾಣಂಗೆ ನಗಿ ನೋಡಣ,” ಎಂದು ಹೇಳಿಕೊಡುತ್ತಾರಂತೆ.

ಓದುವವರೇ, ಕೇಳುವವರೇ, ನಿಮ್ಮ ಮನೆಯಲ್ಲೂ ಯಾವುದೋ ಹೊತ್ತಿನಲ್ಲಿ ಒಬ್ಬರು ಸುಮ್ಮನಿರುತ್ತಾರೆ. ಪೂಜೆಯಲ್ಲಿ, ಸಿಟ್ಟಿನಲ್ಲಿ, ನಿದ್ದೆಯ ಮಂಪರಿನಲ್ಲಿ. ಏನೋ ಸರಿಯಿಲ್ಲ ಅನ್ನಿಸಿದರೆ ಎರಡನೇ ಸಲ ಕೇಳಿ. ನಗಲು ಹೇಳಿ, ಕೈ ಚಾಚಲು ಹೇಳಿ, ಮಾತಾಡಿಸಿ. ಬಾಯಿ ವಾಲಿದರೆ, ಕೈ ಸೋತರೆ, ಮಾತು ತೊದಲಿದರೆ, ಇವುಗಳಲ್ಲಿ ಯಾವುದೇ ಒಂದು ಇದ್ದರೂ ಕೂಡಲೇ 108ಕ್ಕೆ ಕರೆ ಮಾಡಿ. ತಾನಾಗಿಯೇ ಸರಿಹೋದಂತೆ ಕಂಡರೂ ಹೋಗಿ ತೋರಿಸಿ. ಬಾಯಿಗೆ ಏನೂ ಹಾಕಬೇಡಿ, ನಿಮ್ಮ ಮಾತ್ರೆಯನ್ನಂತೂ ಕೊಡಲೇಬೇಡಿ. ತಲೆಯ ಸ್ಕ್ಯಾನ್ ಇರುವ ಆಸ್ಪತ್ರೆಗೇ ಕರೆದೊಯ್ಯಿರಿ. ಕೊನೆಯ ಸಲ ಚೆನ್ನಾಗಿದ್ದದ್ದು ಯಾವಾಗ ಎಂದು ಕೇಳಿದಾಗ ಕಂಡದ್ದನ್ನು ಹೇಳಿ, ಕಾಣದ್ದನ್ನು ಗೊತ್ತಿಲ್ಲ ಎನ್ನಿ. ಎಲ್ಲರಿಗೂ ಒಂದೇ ಚಿಕಿತ್ಸೆ ಆಗುವುದಿಲ್ಲ, ಅದನ್ನು ಡಾಕ್ಟರು ಚಿತ್ರ ನೋಡಿ ತೀರ್ಮಾನಿಸುತ್ತಾರೆ.

ಅನುಮಾನ ಸುಳ್ಳಾದರೆ ಆಸ್ಪತ್ರೆಯಲ್ಲಿ ಯಾರೂ ಬೈಯುವುದಿಲ್ಲ, ಮನೆಗೆ ಬಂದು ಊಟ ಮಾಡಿದರಾಯಿತು. ನಿಜವಾಗಿದ್ದರೆ, ಒಳಗೇನಾಗಿದೆ ಎಂದು ತೋರಿಸುವ ಯಂತ್ರ ಅಲ್ಲಿದೆ. ಹೊತ್ತು ಮೀರುವ ಮೊದಲು ನಿಮ್ಮವರನ್ನು ಅದರ ಮುಂದೆ ಮಲಗಿಸುವ ಕೆಲಸ ಮಾತ್ರ ನಿಮ್ಮದು.